ಮಾಮ್ಸೆನ್ ಬರೆಯದೇ ಬಿಟ್ಟ ಸಂಪುಟ

ಪ್ರಶ್ನೆ: ಜರ್ಮನಿಯ ಥಿಯೊಡೋರ್ ಮಾಮ್ಸೆನ್ ಬರೆದ ರೋಮ್ ಇತಿಹಾಸದಲ್ಲಿ 1, 2, 3 ಆದಮೇಲೆ ನೇರ 5ನೇ ಸಂಪುಟ ಇದೆ. ನಾಲ್ಕನೆಯದು ಎಲ್ಲಿ? ಅವರ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು ಅನ್ನುತ್ತಾರೆ, ನಿಜವಾ?

ಉತ್ತರ: ಬೆಂಕಿ ಬಿದ್ದದ್ದು ನಿಜ. ಆದರೆ ತಪ್ಪೆಲ್ಲ ಬೆಂಕಿಯ ಮೇಲೆ ಹೊರಿಸುವ ಹಾಗಿಲ್ಲ. ಮೊದಲ ಮೂರು ಸಂಪುಟ 1854ರಿಂದ 1856ರ ಒಳಗೆ ಬಂದವು. ಕ್ರಿ.ಪೂ. 46ರಲ್ಲಿ ಥ್ಯಾಪ್ಸಸ್ ಯುದ್ಧವನ್ನು ಸೀಸರ್ ಗೆದ್ದಲ್ಲಿಗೆ ಕಥೆ ನಿಲ್ಲುತ್ತದೆ. ಸೀಸರ್ ಕೊಲೆ, ಆಗಸ್ಟಸ್, ಆಮೇಲಿನ ಚಕ್ರವರ್ತಿಗಳು, ಇದೆಲ್ಲ ನಾಲ್ಕನೆಯದರಲ್ಲಿ ಬರಬೇಕಿತ್ತು. ಮನೆಗೆ ಬೆಂಕಿ ಬಿದ್ದದ್ದು 1880ರ ಜುಲೈನಲ್ಲಿ, ಬರ್ಲಿನ್ ಪಕ್ಕದ ಶಾರ್ಲಾಟನ್‌ಬುರ್ಗ್‌ನಲ್ಲಿ. ಅಷ್ಟು ಹೊತ್ತಿಗೆ ಮೂರನೇ ಸಂಪುಟ ಬಂದು 24 ವರ್ಷ ಆಗಿತ್ತು! ಅವತ್ತು ಅವರ ಪುಸ್ತಕಗಳು ಸುಟ್ಟವು. ಅದಕ್ಕಿಂತ ದೊಡ್ಡ ನಷ್ಟ, ಬೇರೆ ಗ್ರಂಥಾಲಯಗಳಿಂದ ಎರವಲು ತಂದಿದ್ದ ಹಳೆಯ ಹಸ್ತಪ್ರತಿಗಳೂ ಹೋದವು. ಅದರಲ್ಲಿ ಹೈಡಲ್‌ಬರ್ಗ್‌ನ ಜೋರ್ಡಾನೆಸ್ (6ನೇ ಶತಮಾನದ ಇತಿಹಾಸಕಾರ) ಹಸ್ತಪ್ರತಿಯೂ ಒಂದು. ಎರಡೇ ವರ್ಷದಲ್ಲಿ, 1882ರಲ್ಲಿ, ಅದೇ ಜೋರ್ಡಾನೆಸ್‌ನ ಗ್ರಂಥವನ್ನು ಅವರು ಸಂಪಾದಿಸಿ ಹೊರತಂದರು. ಹಟ ಅಂದ್ರೆ ಇದು.

ಹಾಗಾದರೆ ಯಾಕೆ ಬರೆಯಲಿಲ್ಲ? ಒಬ್ಬೊಬ್ಬ ವಿದ್ವಾಂಸರು ಒಂದೊಂದು ಕಾರಣ ಕೊಡುತ್ತಾರೆ. ಅವರಿಗೆ ಸೀಸರ್ ಮೇಲೆ ತುಂಬಾ ಅಭಿಮಾನ, ಆತ ಸಾಯುವುದನ್ನು ಬರೆಯಲು ಮನಸ್ಸಾಗಲಿಲ್ಲ ಅನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ, ನನಗೇನೋ ನಂಬಿಕೆ ಇಲ್ಲ. ಚಕ್ರವರ್ತಿಗಳ ಕಾಲದ ಬಗ್ಗೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅವರು ವರ್ಷಗಟ್ಟಲೆ ಪಾಠ ಮಾಡಿದ್ದಾರಲ್ಲ! ಆ ಪಾಠಗಳ ಟಿಪ್ಪಣಿಯನ್ನು ಸೆಬಾಸ್ಟಿಯನ್ ಹೆನ್ಸೆಲ್ (ಸಂಗೀತಗಾರ್ತಿ ಫ್ಯಾನಿ ಮೆಂಡೆಲ್ಸನ್ ಅವರ ಮಗ) ಮತ್ತು ಅವರ ಮಗ ಪಾಲ್ ಬರೆದಿಟ್ಟುಕೊಂಡಿದ್ದರು. ಅದು 1980ರಲ್ಲಿ ನ್ಯೂರೆಂಬರ್ಗ್‌ನ ಹಳೇ ಪುಸ್ತಕದಂಗಡಿಯೊಂದರಲ್ಲಿ ಇತಿಹಾಸಕಾರ ಅಲೆಕ್ಸಾಂಡರ್ ಡೆಮಾಂಟ್ ಅವರ ಕೈಗೆ ಸಿಕ್ಕಿ, 1992ರಲ್ಲಿ ಅಚ್ಚಾಯಿತು. ಅದರಿಂದ ನಾಲ್ಕನೆಯದು ಹೇಗಿರುತ್ತಿತ್ತು ಅಂತ ಊಹಿಸಬಹುದು, ಅಷ್ಟೆ. ಪಾಠ ಮಾಡುವಾಗಿನ ಮಾತು ಬೇರೆ, ಕೂತು ತಿದ್ದಿ ಬರೆದ ಗದ್ಯ ಬೇರೆ. ನನ್ನ ಪ್ರಕಾರ ಅವರನ್ನು ತಡೆದದ್ದು ಕಲ್ಲುಗಳು, ಅಂದರೆ ಶಾಸನಗಳು. ಮುಂದಿನ ಪ್ರಶ್ನೆ ಹೇಗೂ ಅದರದ್ದೇ.

ಪ್ರಶ್ನೆ: ಇಷ್ಟು ಚೆನ್ನಾಗಿ ಬರೆಯುವವರು ಜೀವನವನ್ನೆಲ್ಲ ಶಾಸನ ಕೂಡಿಹಾಕುವುದರಲ್ಲಿ ಕಳೆದರಲ್ಲ, ಅದು ಗುಮಾಸ್ತರ ಕೆಲಸ ಅನ್ನಿಸುವುದಿಲ್ಲವೇ?

ಉತ್ತರ: ಇಲ್ಲ, ಖಂಡಿತ ಇಲ್ಲ. ಚಕ್ರವರ್ತಿಗಳ ಬಗ್ಗೆ ಪುಸ್ತಕಗಳಲ್ಲಿ ಸಿಗುವುದು ಜಾಸ್ತಿ ಅರಮನೆಯ ಗಾಳಿಮಾತು. ಯಾರು ಯಾರಿಗೆ ವಿಷ ಹಾಕಿದರು, ಯಾವ ರಾಣಿ ಏನು ಮಾಡಿದಳು, ಇಂಥದ್ದು. ಆದರೆ ಸೈನ್ಯದ ತುಕಡಿ ಎಲ್ಲಿತ್ತು, ಊರನ್ನು ಯಾರು ನಡೆಸುತ್ತಿದ್ದರು, ಒಬ್ಬ ಅಧಿಕಾರಿ ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದ, ಇದು ಗೊತ್ತಾಗುವುದು ಹೆಚ್ಚಾಗಿ ಗೋರಿಗಲ್ಲು, ಮೈಲಿಗಲ್ಲು, ಕಂಚಿನ ಹಲಗೆಗಳಿಂದ. ಆಗ ಇದ್ದ ಸಂಗ್ರಹಗಳೋ, ಒಬ್ಬರ ಪುಸ್ತಕ ನೋಡಿ ಇನ್ನೊಬ್ಬರು ನಕಲು ಮಾಡಿದಂಥವು. 16ನೇ ಶತಮಾನದ ಪಿರ್ರೋ ಲಿಗೋರಿಯೋನಂಥವರು ಸ್ವಂತ ಕಲ್ಪನೆಯಿಂದ ಹುಟ್ಟಿಸಿದ ಶಾಸನಗಳೂ ಅದರೊಳಗೆ ಸೇರಿಕೊಂಡಿದ್ದವು.

ಮಾಮ್ಸೆನ್ ಓದಿದ್ದು ಕಾನೂನು, ಕೀಲ್‌ನಲ್ಲಿ. 1844ರಲ್ಲಿ ಡೆನ್ಮಾರ್ಕ್ ಸರ್ಕಾರದ ಪ್ರವಾಸ ವೇತನದಲ್ಲಿ ಇಟಲಿಗೆ ಹೋದರು. (ಅವರು 1817ರಲ್ಲಿ ಹುಟ್ಟಿದ ಗಾರ್ಡಿಂಗ್ ಊರು ಆಗ ಡೆನ್ಮಾರ್ಕ್ ದೊರೆಯ ಕೈಯಲ್ಲಿತ್ತು.) ಅಲ್ಲಿ ಸ್ಯಾನ್ ಮರೀನೋದ ಶಾಸನತಜ್ಞ ಬಾರ್ತೊಲೊಮಿಯೋ ಬೊರ್ಗೇಸಿ ಇವರಿಗೆ ಗುರುವಾದರು. ಆಮೇಲೆ ನೇಪಲ್ಸ್ ರಾಜ್ಯ ಸುತ್ತಿ, ಕಲ್ಲುಗಳನ್ನು ಕಣ್ಣಾರೆ ನೋಡಿ, 1852ರಲ್ಲಿ ಅಲ್ಲಿನ ಲ್ಯಾಟಿನ್ ಶಾಸನಗಳ ಸಂಗ್ರಹ ತಂದರು. ಪಟ್ಟು ಒಂದೇ: ಸಾಧ್ಯವಾದ ಕಡೆಯಲ್ಲೆಲ್ಲ ಕಲ್ಲಿನ ಮುಂದೆ ನಿಂತೇ ಓದಬೇಕು. ಒಬ್ಬ ಸಂಗ್ರಾಹಕ ಸುಳ್ಳುಗಾರ ಅಂತ ಗೊತ್ತಾಯಿತೋ, ಅವನೊಬ್ಬನೇ ಹೇಳಿದ್ದನ್ನೆಲ್ಲ ಅನುಮಾನದ ಪಟ್ಟಿಗೆ ಹಾಕಬೇಕು. ಲಾಯರ್ ಬುದ್ಧಿ, ಅಲ್ವಾ? ಸಾಕ್ಷಿಯನ್ನು ಪಾಟೀಸವಾಲು ಮಾಡುವ ಹಾಗೆ ಕಲ್ಲನ್ನು ಮಾಡಿದರು.

ಮಾರನೇ ವರ್ಷ, 1853ರಲ್ಲಿ, ಬರ್ಲಿನ್ ಅಕಾಡೆಮಿ ಇಡೀ ರೋಮನ್ ಸಾಮ್ರಾಜ್ಯದ ಲ್ಯಾಟಿನ್ ಶಾಸನಗಳನ್ನು ಹೀಗೇ ಸಂಗ್ರಹಿಸುವ ಯೋಜನೆಯನ್ನು ಅವರ ಕೈಗೆ ಕೊಟ್ಟಿತು. ಮೊದಲ ಸಂಪುಟ ಬಂದದ್ದು 1863ರಲ್ಲಿ. ಆ ಕೆಲಸ ಇವತ್ತಿಗೂ ಬರ್ಲಿನ್‌ನಲ್ಲಿ ನಡೆಯುತ್ತಿದೆ. ಅಂಕಾರಾದ ದೇವಸ್ಥಾನದ ಗೋಡೆಯ ಮೇಲಿನ ಆಗಸ್ಟಸ್‌ನ ಆತ್ಮಕಥನ ಇದೆಯಲ್ಲ, ಅದನ್ನು 1865ರಲ್ಲಿ ಒಮ್ಮೆ ಪ್ರಕಟಿಸಿದರು. ಆಮೇಲೆ ಜರ್ಮನಿಯ ಉತ್ಖನನಕಾರ ಕಾರ್ಲ್ ಹ್ಯೂಮನ್ ಆ ಗೋಡೆಯ ಪ್ಲಾಸ್ಟರ್ ಅಚ್ಚು ತೆಗೆಸಿಕೊಟ್ಟರು. ಅದನ್ನಿಟ್ಟುಕೊಂಡು 1883ರಲ್ಲಿ ಮತ್ತೆ ತಿದ್ದಿ ತಂದರು. ಹೀಗೆ ಹೊಸ ಹೊಸ ಸಾಕ್ಷಿ ಬರುತ್ತಲೇ ಇರುವಾಗ, ಅದೇ ಕಾಲದ ಇತಿಹಾಸವನ್ನು ಕೂತು ಮುಗಿಸಿಬಿಡಲು ಯಾರಿಗೆ ಕೈ ಬರುತ್ತದೆ, ಹೇಳಿ. 1885ರಲ್ಲಿ ಬಂದ 5ನೇ ಸಂಪುಟ ರೋಮ್ ಪ್ರಾಂತ್ಯಗಳದ್ದು, ಅಂದರೆ ಕಲ್ಲುಗಳು ಚೆನ್ನಾಗಿ ಮಾತಾಡುವ ಜಾಗದ್ದು. ಅದನ್ನು ಬರೆದರು. ಅರಮನೆ ಕಥೆ ಬಿಟ್ಟರು.

ಪ್ರಶ್ನೆ: ಇತಿಹಾಸ ಬರೆದವರಿಗೆ ಸಾಹಿತ್ಯದ ನೊಬೆಲ್ ಯಾಕೆ? ಟಾಲ್‌ಸ್ಟಾಯ್ ಇದ್ದರಲ್ಲ!

ಉತ್ತರ: ಇದ್ದರು, ಮಾಮ್ಸೆನ್‌ಗೆ ನೊಬೆಲ್ ಬಂದ 1902ರಲ್ಲಿ ಅವರ ಹೆಸರೂ ಮುಂದೆ ಬಂದಿತ್ತು. ಟಾಲ್‌ಸ್ಟಾಯ್‌ಗೆ ಕೊಡದೇ ಹೋದದ್ದು ಸರಿ ಅಂತ ನಾನು ವಾದಿಸುವುದಿಲ್ಲ. ಆದರೆ ನೊಬೆಲ್ ನಿಯಮದಲ್ಲಿ ಕಥೆ, ಕವಿತೆ ಮಾತ್ರ ಅಂತ ಇಲ್ಲ. ಬರವಣಿಗೆಯ ಸೊಗಸಿರುವ ಬೇರೆ ಕೃತಿಗಳೂ ಸೇರುತ್ತವೆ. ಮಾಮ್ಸೆನ್ ಅವರ ಮೂರು ಸಂಪುಟ ಓದಿದರೆ ಸೊಗಸು ಗೊತ್ತಾಗುತ್ತದೆ. ಸೀಸರ್‌ನ ವಿರೋಧಿ ಕೇಟೋ ಮಾಮ್ಸೆನ್ ಕಣ್ಣಿಗೆ ಡಾನ್ ಕ್ವಿಕ್ಸೋಟ್. ಸೇನಾಪತಿ ಪಾಂಪೆ ಒಳ್ಳೆಯ ಸಾರ್ಜೆಂಟ್ ಆಗಬೇಕಿದ್ದವನು. ಸಿಸಿರೋನನ್ನಂತೂ ಅನ್ಯಾಯ ಅನ್ನಿಸುವಷ್ಟು ಬೈಯುತ್ತಾರೆ. ವಿಚಿತ್ರ ಏನಂದರೆ, ಬಹುಮಾನ ಬಂದಾಗ ಅವರಿಗೆ ಹತ್ತಿರ ಹತ್ತಿರ 85. ಆ ಮೂರು ಸಂಪುಟ ಬಂದದ್ದು ಅವರಿಗೆ ನಲವತ್ತು ತುಂಬುವ ಮೊದಲೇ.

ಪ್ರಶ್ನೆ: ರಾಜಕೀಯದಲ್ಲೂ ಇದ್ದರಂತೆ?

ಉತ್ತರ: ಸುಮ್ನೆ ಇರುವ ಜಾಯಮಾನವೇ ಅಲ್ಲ. 1848ರ ಕ್ರಾಂತಿಯಲ್ಲಿ ರೆಂಡ್ಸ್‌ಬುರ್ಗ್‌ನಲ್ಲಿ ಪತ್ರಕರ್ತರಾಗಿದ್ದರು. ಮಾರನೇ ವರ್ಷದ ಸ್ಯಾಕ್ಸನಿ ಗಲಾಟೆಯಲ್ಲಿ ಪಾಲ್ಗೊಂಡದ್ದಕ್ಕೆ 1851ರಲ್ಲಿ ಲೈಪ್‌ಜಿಗ್‌ನ ಪ್ರಾಧ್ಯಾಪಕ ಹುದ್ದೆ ಹೋಯಿತು, ಜೊತೆಗೆ ಗೆಳೆಯರಾದ ಮೊರಿಟ್ಸ್ ಹಾಪ್ಟ್ ಮತ್ತು ಆಟ್ಟೊ ಯಾನ್ ಅವರದ್ದೂ. ಝೂರಿಕ್, ಬ್ರೆಸ್ಲಾವ್ ಸುತ್ತಿ 1858ರಲ್ಲಿ ಬರ್ಲಿನ್ ಸೇರಿದರು. ಮುಂದೆ ಸಂಸತ್ ಸದಸ್ಯರೂ ಆದರು. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಅವರ ಆರ್ಥಿಕ ನೀತಿಯನ್ನು ಭಾಷಣದಲ್ಲಿ ಮೋಸ ಅಂದದ್ದಕ್ಕೆ ಕೋರ್ಟು ಹತ್ತಿ, ಗೆದ್ದು ಬಂದರು. ಯಹೂದಿಗಳೇ ನಮ್ಮ ದುರದೃಷ್ಟ ಅಂತ ಇತಿಹಾಸಕಾರ ಟ್ರೈಚ್ಕೆ 1879ರಲ್ಲಿ ಬರೆದಾಗ, ಅದೇ ವಿಶ್ವವಿದ್ಯಾಲಯದಲ್ಲಿದ್ದುಕೊಂಡೇ ಅವರಿಗೆ ಎದುರಾಗಿ ಕಿರುಹೊತ್ತಗೆ ಬರೆದರು. ಅದರಲ್ಲಿ ಯಹೂದಿಗಳೂ ತಮ್ಮ ಪ್ರತ್ಯೇಕತೆ ಬಿಡಬೇಕು ಅಂತ ಬುದ್ಧಿ ಹೇಳಿದ್ದು ಇವತ್ತು ಓದುವಾಗ ಚುಚ್ಚುತ್ತದೆ. ಆದರೂ ಆಗ ಬಾಯಿ ಬಿಟ್ಟ ದೊಡ್ಡ ಹೆಸರಿನವರು ಹೆಚ್ಚಿರಲಿಲ್ಲ.

ಪ್ರಶ್ನೆ: ಗ್ರೀಕ್ ವಿದ್ವಾಂಸ ವಿಲಮೊವಿಟ್ಸ್ ಇವರಿಗೆ ಏನಾಗಬೇಕು?

ಉತ್ತರ: ಅಳಿಯ. ದೊಡ್ಡ ಮಗಳು ಮರೀ ಅವರ ಗಂಡ, ಮದುವೆ ಆದದ್ದು 1878ರಲ್ಲಿ. ಮಾಮ್ಸೆನ್‌ಗೆ 16 ಮಕ್ಕಳು. 20ನೇ ಶತಮಾನದ ಜರ್ಮನಿಯ ಹೆಸರಾಂತ ಇತಿಹಾಸಕಾರರಾದ ಹಾನ್ಸ್ ಮತ್ತು ವೋಲ್ಫ್‌ಗಾಂಗ್ ಮಾಮ್ಸೆನ್, ಆ ಅವಳಿ ಸೋದರರು, ಇವರ ಮರಿಮಕ್ಕಳೇ.