ಹ್ಯಾಲ್ ನಿಜವಾಗಿ ಬದಲಾದನೇ?

ಪ್ರಶ್ನೆ: ಶೇಕ್ಸ್‌ಪಿಯರ್‌ನ ‘ನಾಲ್ಕನೇ ಹೆನ್ರಿ’ ಓದಿದೆ. ಯುವರಾಜ ಹ್ಯಾಲ್ ಅಪ್ಪನ ಮಾತು ಕೇಳದೆ ಹೆಂಡದಂಗಡಿಯಲ್ಲಿ ಫಾಲ್‌ಸ್ಟಾಫ್ ಅನ್ನೋ ಮುದಿ ಸರದಾರ ಮತ್ತವನ ಗ್ಯಾಂಗ್ ಜೊತೆ ಕಾಲ ಕಳೆಯುತ್ತಾನೆ, ಕೊನೆಗೆ ಒಳ್ಳೆಯ ರಾಜನಾಗುತ್ತಾನೆ. ಆದರೆ ಮೊದಲ ಅಂಕದಲ್ಲೇ, ಇದೆಲ್ಲ ಸ್ವಲ್ಪ ದಿನ ಮಾತ್ರ, ಆಮೇಲೆ ಬದಲಾಗಿ ಎಲ್ಲರ ಕಣ್ಣು ಕೋರೈಸುತ್ತೇನೆ ಅಂತ ಒಬ್ಬನೇ ಹೇಳಿಕೊಳ್ಳುತ್ತಾನಲ್ಲ. ಹಾಗಾದರೆ ಅವನು ಬೆಳೆದದ್ದೆಲ್ಲಿ? ಎಲ್ಲ ಬರೀ ಲೆಕ್ಕಾಚಾರ ಅಲ್ವಾ?

ಉತ್ತರ: ಆ ಮಾತನ್ನು ಪೂರ್ತಿ ನಂಬಬೇಡಿ. ದಾರಿ ತಪ್ಪಿದ ಹುಡುಗರು ಹೇಳೋದೇ ಹೀಗೆ, ಬೇಕು ಅಂದ ದಿನ ಬಿಟ್ಟುಬಿಡ್ತೀನಿ ಅಂತ. ಹ್ಯಾಲ್‌ಗೆ ಅದು ನಿಜ ಅಂತಲೇ ಅನ್ನಿಸಿರುತ್ತದೆ. ಅವನು ಏನು ಹೇಳಿದ ಅನ್ನೋದನ್ನು ಬಿಟ್ಟು ಏನು ಮಾಡಿದ ಅಂತ ನೋಡುತ್ತಾ ಹೋಗಿ.

ಎರಡನೇ ಅಂಕದಲ್ಲಿ ಫ್ರಾನ್ಸಿಸ್ ಅನ್ನೋ ಒಬ್ಬ ಮಾಣಿ ಬರುತ್ತಾನೆ. ಹ್ಯಾಲ್ ಅವನನ್ನು ಮಾತಿಗೆ ಹಿಡಿದು ನಿಲ್ಲಿಸಿಕೊಳ್ಳುತ್ತಾನೆ, ಪಕ್ಕದ ಕೋಣೆಯಿಂದ ಗೆಳೆಯ ಪಾಯಿನ್ಸ್ ಬೇಕಂತಲೇ ‘ಫ್ರಾನ್ಸಿಸ್!’ ಅಂತ ಕೂಗುತ್ತಲೇ ಇರುತ್ತಾನೆ. ಪಾಪ, ಆ ಹುಡುಗ ‘ಬಂದೆ ಸ್ವಾಮಿ, ಬಂದೆ’ ಅನ್ನುತ್ತಾ ಯಾವ ಕಡೆ ಹೋಗಬೇಕೋ ತಿಳಿಯದೆ ತಬ್ಬಿಬ್ಬಾಗಿ ನಿಂತುಬಿಡುತ್ತಾನೆ. ನೋಡುವವರು ನಗುತ್ತಾರೆ. ನನಗೆ ಮಾತ್ರ ಇಲ್ಲಿ ಹ್ಯಾಲ್ ಮೇಲೆ ಸಿಟ್ಟು ಬರುತ್ತದೆ, ಯಾಕೆಂದರೆ ಇದರಿಂದ ಅವನಿಗೆ ಏನೂ ಲಾಭ ಇಲ್ಲ, ಸುಮ್ನೆ ಒಬ್ಬ ಬಡ ಹುಡುಗನ ಜೊತೆ ಆಟ. ಆಗ ಅವನಿಗೆ ಮನುಷ್ಯರೆಂದರೆ ಇಷ್ಟೇ.

ಈಗ ಐದನೇ ಅಂಕಕ್ಕೆ ಬನ್ನಿ. ಶ್ರೂಸ್‌ಬರಿಯ ಯುದ್ಧ. ಒಂದು ಕಡೆ ಹ್ಯಾಲ್‌ನ ಅಪ್ಪ ರಾಜ ಹೆನ್ರಿ, ಇನ್ನೊಂದು ಕಡೆ ದಂಗೆ ಎದ್ದ ಹಾಟ್‌ಸ್ಪರ್ ಮತ್ತವನ ಜೊತೆಗಾರ ಡಗ್ಲಸ್. ಎರಡೂ ಕಡೆ ಸುಮ್ನೆ ಜನ ಸಾಯೋದು ಬೇಡ, ನಾನು ಮತ್ತು ಹಾಟ್‌ಸ್ಪರ್ ಇಬ್ಬರೇ ಕಾದಾಡಿ ತೀರಿಸಿಕೊಳ್ಳುತ್ತೇವೆ ಅಂತ ಹ್ಯಾಲ್ ಕೇಳುತ್ತಾನೆ. ಅದು ಆಗೋದಿಲ್ಲ. ಆಮೇಲೆ ಡಗ್ಲಸ್ ಕೈಯಿಂದ ಅಪ್ಪನ ಪ್ರಾಣ ಉಳಿಸುತ್ತಾನೆ, ಹಾಟ್‌ಸ್ಪರ್‌ನನ್ನು ಕೊಲ್ಲುತ್ತಾನೆ. ಎಲ್ಲರ ಕಣ್ಣು ಕೋರೈಸೋ ದಿನ ಕೊನೆಗೂ ಬಂತು, ಅಲ್ವಾ? ಅಷ್ಟರಲ್ಲಿ ಸತ್ತಂತೆ ಬಿದ್ದುಕೊಂಡಿದ್ದ ಫಾಲ್‌ಸ್ಟಾಫ್ ಎದ್ದು, ಹಾಟ್‌ಸ್ಪರ್‌ನ ಹೆಣ ಹೊತ್ತುಕೊಂಡು ಬಂದು, ಕೊಂದದ್ದು ನಾನೇ ಅನ್ನುತ್ತಾನೆ. ಹ್ಯಾಲ್ ಜಗಳ ಆಡೋದಿಲ್ಲ. ಈ ಸುಳ್ಳಿನಿಂದ ನಿನಗೆ ಒಳ್ಳೆಯದಾಗುವುದಾದರೆ ನಾನೇ ಅದಕ್ಕೆ ಮೆರುಗು ಕೊಡುತ್ತೇನೆ ಅಂದುಬಿಡುತ್ತಾನೆ. ಮೊದಲ ಅಂಕದ ಲೆಕ್ಕಾಚಾರದ ಹುಡುಗನೇ ಆಗಿದ್ದರೆ ಈ ಗೆಲುವನ್ನು ಹೀಗೆ ಕೊಟ್ಟುಬಿಡುತ್ತಿದ್ದನೇ? ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ ಇದೇ.

ಈ ನಾಟಕಕ್ಕೆ ಎರಡು ಭಾಗ. ಇಷ್ಟು ಹೊತ್ತು ಹೇಳಿದ್ದು ಮೊದಲನೆಯದು, ಇನ್ನೊಂದು ಉತ್ತರ ಎರಡನೆಯದರಲ್ಲಿದೆ. ಯುವರಾಜನಾಗಿದ್ದಾಗ ಹ್ಯಾಲ್ ಮುಖ್ಯ ನ್ಯಾಯಾಧೀಶನಿಗೆ ಹೊಡೆದಿರುತ್ತಾನೆ, ಅವನು ಯುವರಾಜ ಅಂತಲೂ ನೋಡದೆ ಜೈಲಿಗೆ ಕಳಿಸಿರುತ್ತಾನೆ. ಈಗ ಅದೇ ಹ್ಯಾಲ್ ರಾಜ. ನ್ಯಾಯಾಧೀಶನ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆ ಮುದುಕ ಕ್ಷಮೆ ಕೇಳೋದಿಲ್ಲ. ನಾಳೆ ನಿಮ್ಮ ಮಗನೇ ನಿಮ್ಮ ನ್ಯಾಯಪೀಠಕ್ಕೆ ಅವಮಾನ ಮಾಡಿದರೆ ನೀವು ಏನು ಮಾಡುತ್ತೀರಿ, ಯೋಚಿಸಿ ಅನ್ನುತ್ತಾನೆ. ಹೊಸ ರಾಜ ಅವನ ಮಾತು ಒಪ್ಪಿಕೊಂಡು, ತಕ್ಕಡಿ ಮತ್ತು ಕತ್ತಿ ಎರಡೂ ನಿನ್ನ ಕೈಯಲ್ಲೇ ಇರಲಿ, ನನ್ನ ಯೌವನಕ್ಕೆ ನೀನೇ ತಂದೆ ಅನ್ನುತ್ತಾನೆ. ಯುದ್ಧ ಗೆಲ್ಲೋದಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ. ತನ್ನನ್ನು ಜೈಲಿಗೆ ಹಾಕಿದವನನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಲು ಜಾಸ್ತಿ ಧೈರ್ಯ ಬೇಕು.

ಪ್ರಶ್ನೆ: ಹಾಗಿದ್ದರೆ ರಾಜನಾದ ಮೇಲೆ ಫಾಲ್‌ಸ್ಟಾಫ್‌ನನ್ನು ಬೀದಿಯಲ್ಲಿ ಅಷ್ಟು ಕ್ರೂರವಾಗಿ ದೂರ ಮಾಡಿದ್ದು ಯಾಕೆ?

ಉತ್ತರ: ‘ಮುದುಕ, ನೀನು ಯಾರೋ ನನಗೆ ಗೊತ್ತಿಲ್ಲ’ ಅನ್ನೋ ಆ ಮಾತು ನನಗೂ ಚುಚ್ಚುತ್ತದೆ. ಅಷ್ಟು ಜನರ ಮುಂದೆ ಬೇಕಿರಲಿಲ್ಲ. ಆದರೆ ದೂರ ಇಡಲೇಬೇಕಿತ್ತು. ಫಾಲ್‌ಸ್ಟಾಫ್ ಬರೀ ತಮಾಷೆಯ ಮನುಷ್ಯ ಅಂದುಕೊಳ್ಳಬೇಡಿ. ದುಡ್ಡಿದ್ದವರಿಂದ ಮುನ್ನೂರಕ್ಕೂ ಹೆಚ್ಚು ಪೌಂಡ್ ತಿಂದು ಸೈನ್ಯದಿಂದ ಬಿಟ್ಟು, ಅವರ ಬದಲು ಚಿಂದಿ ಉಟ್ಟ 150 ಬಡವರನ್ನು ಯುದ್ಧಕ್ಕೆ ಕರೆದುಕೊಂಡು ಹೋದವನು ಅವನು. ಅವರಲ್ಲಿ ಮೂವರೂ ಉಳಿಯಲಿಲ್ಲ ಅಂತ ಅವನೇ ಹೇಳುತ್ತಾನೆ. ಅದೇ ರಣರಂಗದಲ್ಲಿ ಹ್ಯಾಲ್ ಪಿಸ್ತೂಲು ಕೇಳಿದರೆ ಅವನ ಚೀಲದಿಂದ ಹೊರಬಂದದ್ದು ಹೆಂಡದ ಬಾಟಲಿ! ಇಂಥವನ ಕೈಗೆ ಅಧಿಕಾರ ಸಿಕ್ಕಿದ್ದರೆ? ಹ್ಯಾಲ್ ಅವನನ್ನು ಉಪವಾಸಕ್ಕೆ ಬಿಡೋದಿಲ್ಲ ಅನ್ನೋದನ್ನೂ ಗಮನಿಸಿ. ಹೊಟ್ಟೆಪಾಡಿಗೆ ವ್ಯವಸ್ಥೆ ಮಾಡಿ, ಹತ್ತು ಮೈಲಿ ದೂರ ಇರು ಅನ್ನುತ್ತಾನೆ.

ಪ್ರಶ್ನೆ: ಇದೆಲ್ಲ ನಿಜವಾಗಿ ನಡೆದದ್ದೇ?

ಉತ್ತರ: ಯುದ್ಧ ನಡೆದದ್ದು ನಿಜ, 1403ರ ಜುಲೈ 21ರಂದು. ಆಗ ಯುವರಾಜನಿಗೆ ಹದಿನಾರು ವರ್ಷ, ಮುಖಕ್ಕೆ ಬಾಣ ಬಿದ್ದಿತ್ತು. ಹಾಟ್‌ಸ್ಪರ್ ಅವನಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವನು. ಶೇಕ್ಸ್‌ಪಿಯರ್ ಇಬ್ಬರನ್ನೂ ಒಂದೇ ವಯಸ್ಸಿನವರನ್ನಾಗಿ ಮಾಡಿದ, ಹ್ಯಾಲ್‌ನ ಅಪ್ಪ ‘ಹಾಟ್‌ಸ್ಪರ್ ನನ್ನ ಮಗನಾಗಿದ್ದರೆ ಎಷ್ಟು ಚೆನ್ನಾಗಿತ್ತು’ ಅನ್ನೋದಕ್ಕೆ ಆಗಲೇ ಬಲ ಬರೋದು. ಮೊದಲ ಭಾಗ ಮಾತ್ರ ಓದಿದ್ದರೆ ದಯವಿಟ್ಟು ಎರಡನೆಯದನ್ನೂ ಓದಿ. ನ್ಯಾಯಾಧೀಶನ ದೃಶ್ಯ ಐದನೇ ಅಂಕದ ಎರಡನೇ ದೃಶ್ಯದಲ್ಲಿದೆ.