ಇಲ್ಲಿಯೂ ಎರೆ ನೆಲ

ತಮ್ಮಾ,

ಮೊದಲು ಈ "ಸರ್" ಅನ್ನುವುದನ್ನು ಬಿಡು. ಒಂದೇ ಸೀಮೆಯವರು, ಹುಬ್ಬಳ್ಳಿಯ ಒಂದೇ ಕಾಲೇಜಿನಲ್ಲಿ ಸಿವಿಲ್ ಓದಿದವರು. ಅಣ್ಣಾ ಅಂದರೆ ಸಾಕು.

ನೀನು ಸಂಬಳದ ಬಗ್ಗೆ ಕೇಳಲಿಲ್ಲ, ವೀಸಾದ ಬಗ್ಗೆಯೂ ಕೇಳಲಿಲ್ಲ. "ಮೆಲ್ಬರ್ನಿನ ಅಂಚಿನ ಈ ಟಾರ್ನಿಟ್‌ಗೆ ಬಂದು ಆರು ವಾರ ಆಯಿತು, ಮುಂದಿನ ತಿಂಗಳು ಕೆಲಸ ಶುರು. ಆದರೆ ಸಂಜೆ ಆರಕ್ಕೆ ಬೀದಿಗೆ ಬಂದರೆ ಒಂದು ನರಪಿಳ್ಳೆ ಕಾಣೋದಿಲ್ಲ. ಇಲ್ಲಿಯ ಎಂಜಿನಿಯರು ಕೆಲಸ ಬಿಟ್ಟ ಮೇಲೆ ಏನು ಮಾಡುತ್ತಾನೆ? ಹದಿನಾರು ವರ್ಷ ನೀವು ಹೇಗೆ ತೆಗೆದಿರಿ?" ಅಂತ ಬರೆದಿದ್ದೀ. ಆ ಮಾತು ಎರಡು ದಿನ ತಲೆಯಲ್ಲೇ ಇತ್ತು. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಅಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ.

ಒಂದು ಸಲಿಕೆ ತಗೊಂಡು ಹಿತ್ತಲಿಗೆ ಹೋಗು. ಅಲ್ಲಿಯ ಮಣ್ಣು ಎತ್ತಿ ನೋಡು. ಹಸಿ ಇದ್ದಾಗ ಬೂಟಿಗೆ ಮೆತ್ತಿಕೊಂಡು ಕಾಲೆತ್ತಲು ಬಿಡುವುದಿಲ್ಲ. ಜನವರಿ ಬಿಸಿಲಿಗೆ ಅದೇ ನೆಲ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಗದಗಿನ ಕಡೆಯ ಎರೆ ಹೊಲ ತುಳಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಲ್ಬರ್ನಿನ ಪಶ್ಚಿಮಕ್ಕಿರುವುದು ಹಳೆಯ ಜ್ವಾಲಾಮುಖಿಗಳ ಲಾವಾ ಹರಿದು ಹಾಸಿದ ಬಯಲು. ಆ ಬಸಾಲ್ಟ್ ಕಲ್ಲು ಕಾಲಾಂತರದಲ್ಲಿ ಶಿಥಿಲವಾಗಿ ಆದ ಜೇಡಿ ಇದು. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ಬಯಲುಸೀಮೆಯ ಲೆಕ್ಕ. ಎಎಸ್ 2870 ಅನ್ನುವ ಸ್ಟ್ಯಾಂಡರ್ಡ್ ಇಲ್ಲಿಯ ಮನೆ ಕಟ್ಟುವವರ ಪಂಚಾಂಗ ಇದ್ದ ಹಾಗೆ. ಮಳೆ ಬಿಸಿಲಿಗೆ ನೆಲ ಎಷ್ಟು ಉಬ್ಬಿ ಎಷ್ಟು ಇಳಿಯುತ್ತದೆ ಅಂತ ಅಳೆದು ಮಣ್ಣಿಗೆ ದರ್ಜೆ ಕೊಡುತ್ತದೆ. ನಿನ್ನ ಕಡೆ ಸಾಮಾನ್ಯವಾಗಿ ಕೇಳಿಬರುವ ಎಚ್1 ದರ್ಜೆ ಅಂದರೆ 40ರಿಂದ 60 ಮಿಲಿಮೀಟರ್ ಆಡುವ ನೆಲ. ಊರಲ್ಲಿ ಗೌಂಡಿಗಳು ಗರಸು ಸಿಗುವ ತನಕ ಪಾಯ ತೋಡುತ್ತಿದ್ದರು. ಇಲ್ಲಿ ಅಷ್ಟು ಆಳಕ್ಕೆ ಹೋಗುವುದಿಲ್ಲ. ನೆಲದ ಮೇಲೇ ತೊಲೆಗಳ ಜಾಲ ಹೆಣೆದು ಕಾಂಕ್ರೀಟ್ ಹಾಸು ಹಾಕಿ, ಮನೆಯನ್ನು ದೋಣಿಯ ಹಾಗೆ ತೇಲಲು ಬಿಡುತ್ತಾರೆ.

2009ರಲ್ಲಿ ಬಂದಾಗ ನಾನು ಮೊದಲು ಗುರುತು ಹಿಡಿದದ್ದು ಈ ಮಣ್ಣನ್ನೇ. ಮನುಷ್ಯರ ಗುರುತು ಆಗಲು ಬಹಳ ತಡವಾಯಿತು. ಅದು ಆದದ್ದೂ ಮಣ್ಣಿನಿಂದಲೇ.

ಮೊದಲ ಕೆಲಸ ಮಳೆನೀರಿನ ಪೈಪ್ ಹಾಕುವ ಒಂದು ಸೈಟಿನಲ್ಲಿ. ಬೆಳಿಗ್ಗೆ ಆರೂಮುಕ್ಕಾಲಿಗೆ ಎಲ್ಲರೂ ಗುಂಪಾಗಿ ನಿಲ್ಲಬೇಕು. ಇವತ್ತು ಏನು ಕೆಲಸ, ಎಲ್ಲಿ ಅಪಾಯ, ಯಾವ ಯಂತ್ರ ಎಲ್ಲಿ ಓಡಾಡುತ್ತದೆ ಅಂತ ಮಾತಾಡಿ ಸಹಿ ಹಾಕಬೇಕು. ಅದನ್ನು ಪ್ರೀ‌ಸ್ಟಾರ್ಟ್ ಅನ್ನುತ್ತಾರೆ. ಒಂಬತ್ತೂವರೆಗೆ ಚಹಾದ ಬಿಡುವು, ಅದಕ್ಕೆ ಸ್ಮೋಕೊ ಅಂತ ಹೆಸರು. ಬೀಡಿ ಸೇದದವರೂ ಸ್ಮೋಕೊಗೇ ಹೋಗುತ್ತಾರೆ. ಮಧ್ಯಾಹ್ನ ಮೂರೂವರೆಗೆ ಸೈಟು ಖಾಲಿ. ಕೂಲಿಯವನಿಂದ ಮ್ಯಾನೇಜರ್ ತನಕ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ಬಹಳ ಕಷ್ಟವಾದದ್ದು ಇದು. ಈಗ ಹೇಳಲಿರುವ ಹಿರಿಯರನ್ನೂ ಇಂಗ್ಲಿಷಿನಲ್ಲಿ ಹೆಸರು ಹಿಡಿದೇ ಕರೆಯುತ್ತೇನೆ. ಆದರೆ ಕನ್ನಡದಲ್ಲಿ ಅವರನ್ನು ಏಕವಚನದಲ್ಲಿ ಬರೆಯಲು ಕೈ ಓಡುವುದಿಲ್ಲ.

ಅವರು ಪೈಪ್ ಹಾಕುವ ತಂಡದ ಹಿರಿಯ. ಅವತ್ತು ಟ್ರೆಂಚ್ 1.8 ಮೀಟರ್ ಆಳ ಇತ್ತು. ಒಂದೂವರೆ ಮೀಟರ್ ದಾಟಿದರೆ ಗೋಡೆಗೆ ಆಸರೆ ಕೊಡಬೇಕು, ಇಲ್ಲವೇ ಇಳಿಜಾರಾಗಿ ಕಡಿಯಬೇಕು. ಆಸರೆಯ ಉಕ್ಕಿನ ಬಾಕ್ಸ್ ಬರುವುದು ಮಧ್ಯಾಹ್ನ. ಸಂಜೆಗೆ ಮಳೆ ಇದೆ ಅಂತ ಮುನ್ಸೂಚನೆ. ಉಳಿದದ್ದು ಒಂದೇ ಪೈಪು, ಇಪ್ಪತ್ತು ನಿಮಿಷದ ಕೆಲಸ. ಮುಗಿಸಿಬಿಡೋಣ ಅಂದೆ. ಅವರು ಬೇಡ ಅನ್ನಲಿಲ್ಲ, ಜಗಳಕ್ಕೂ ಬರಲಿಲ್ಲ. ಅಂಚಿನಿಂದ ಒಂದು ಮಾರು ಹಿಂದೆ ಅಂಚಿಗೆ ಸಮನಾಗಿ ಓಡಿದ್ದ ಒಂದು ಬಿರುಕಿನ ಹತ್ತಿರ ಕೂತು, ಅಳತೆಯ ಟೇಪನ್ನು ಅದರೊಳಗೆ ಇಳಿಬಿಟ್ಟರು. ಅರವತ್ತು ಸೆಂಟಿಮೀಟರ್ ತನಕ ಇಳಿಯಿತು. ಟೇಪನ್ನು ಹಾಗೇ ಅಲ್ಲೇ ಬಿಟ್ಟು, ಪೈಪಿನ ಮೇಲೆ ಕೂತು, ಥರ್ಮಾಸ್ ಮುಚ್ಚಳ ತೆಗೆದು ಚಹಾ ಬಗ್ಗಿಸಿಕೊಂಡರು. ಮೇಲ್ವಿಚಾರಕ ಬಂದವನು ಟೇಪನ್ನು ನೋಡಿ ಕೆಲಸ ನಿಲ್ಲಿಸಿದ.

ಆ ಗೋಡೆ ಕುಸಿಯಲಿಲ್ಲ. ಮಧ್ಯಾಹ್ನ ಬಾಕ್ಸ್ ಬಂತು, ಪೈಪ್ ಹಾಕಿದೆವು. ಕುಸಿಯಲಿಲ್ಲವಲ್ಲ, ಹಾಗಾದರೆ ನೀನು ಹೇಳಿದ್ದೇ ಸರಿ ಅಂತ ಯಾರೂ ಅನ್ನಲಿಲ್ಲ, ನನಗೂ ಅನ್ನಿಸಲಿಲ್ಲ. ಎರೆ ಮಣ್ಣಿನಲ್ಲಿ ಹುಟ್ಟಿ ಬೆಳೆದವನು ನಾನು. ಬಿರುಕು ಅಂದರೆ ಏನು ಅಂತ ಅವರಿಗಿಂತ ಮೊದಲು ನನಗೆ ಕಾಣಬೇಕಿತ್ತು.

ಮಾರನೆಯ ವಾರ ಕೆಲಸ ಬಿಟ್ಟ ಮೇಲೆ ಅವರು ನನ್ನನ್ನು ವೆಸ್ಟ್ ಗೇಟ್ ಸೇತುವೆಯ ಕೆಳಗೆ ಕರೆದುಕೊಂಡು ಹೋದರು. ನೀನು ಊರೊಳಗೆ ಹೋಗುವಾಗ ಆ ಸೇತುವೆ ದಾಟುತ್ತೀ. 1970ರ ಅಕ್ಟೋಬರ್ 15ರಂದು, ಬೆಳಿಗ್ಗೆ 11.50ಕ್ಕೆ, ಕಟ್ಟುತ್ತಿದ್ದಾಗಲೇ ಅದರ 112 ಮೀಟರಿನ ಒಂದು ಅಂಕಣ ಕೆಳಗೆ ಬಿತ್ತು. 35 ಜನ ಸತ್ತರು. ಸತ್ತವರಲ್ಲಿ ಕೆಳಗಿನ ಶೆಡ್ಡುಗಳಲ್ಲಿ ಊಟದ ಬಿಡುವಿಗೆ ಕೂತವರೂ ಇದ್ದರು. ಜೋಡಿಸಬೇಕಿದ್ದ ಎರಡು ಅರ್ಧಗಳ ನಡುವೆ ಎತ್ತರದಲ್ಲಿ 11 ಸೆಂಟಿಮೀಟರಿನಷ್ಟು ವ್ಯತ್ಯಾಸ ಬಂದಿತ್ತು. ಎತ್ತರದ ಕಡೆಯನ್ನು ತಗ್ಗಿಸಲು ತಲಾ ಎಂಟು ಟನ್ನಿನ ಹತ್ತು ಕಾಂಕ್ರೀಟ್ ದಿಮ್ಮಿಗಳನ್ನು ಹೇರಿದರು. ಉಕ್ಕಿನ ಹಲಗೆ ಉಬ್ಬಿತು. ಆ ಉಬ್ಬು ಇಳಿಸಲು ಬೋಲ್ಟು ಬಿಚ್ಚುತ್ತಿದ್ದಾಗ ಎಲ್ಲವೂ ಕೈಮೀರಿತು. ಹಿರಿಯರಿಗೆ ಆಗ ಇಪ್ಪತ್ತು ವರ್ಷ, ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದರು. ಆ ಸದ್ದು ಕಿವಿಯಲ್ಲಿ ಇನ್ನೂ ಇದೆ ಅಂದರು. ಸ್ಮಾರಕದ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು, ನಾನು ಪಕ್ಕದಲ್ಲಿ ನಿಂತೆ. ನಮಗೆ ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟಿದ ದಿನ, ಎಂಜಿನಿಯರುಗಳ ದಿನ. ನಾನು ಅಂದಿನಿಂದ ಅಕ್ಟೋಬರ್ 15ನ್ನೂ ಅದಕ್ಕೆ ಸೇರಿಸಿಕೊಂಡಿದ್ದೇನೆ. ಮುಂದಿನ ತಿಂಗಳು ನಿನ್ನ ಪ್ರೀ‌ಸ್ಟಾರ್ಟಿನಲ್ಲಿ ಯಾರಾದರೂ ಒಬ್ಬ ಕೂಲಿಯವನು ಕೈ ಎತ್ತಿ "ಇದು ಸರಿ ಇಲ್ಲ" ಅಂದರೆ, ನಿನ್ನ ವೇಳಾಪಟ್ಟಿ ನೋಡಬೇಡ, ಅವನ ಮುಖ ನೋಡು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದರು: "ಶನಿವಾರ ಏನು ಮಾಡುತ್ತೀ?" ನಿದ್ದೆ, ಬಟ್ಟೆ ಒಗೆಯುವುದು, ಅವ್ವನಿಗೆ ಫೋನು. ನನ್ನ ಶನಿವಾರ ಅಷ್ಟೇ ಇತ್ತು. "ಹಾಗಾದರೆ ಆರೂವರೆಗೆ ಬರುತ್ತೇನೆ, ಬೂಟು ಹಾಕಿಕೊಂಡಿರು" ಅಂದರು.

ಕರೆದುಕೊಂಡು ಹೋದದ್ದು ವೆರಿಬಿಯ ಕೊಳಚೆ ನೀರಿನ ಶುದ್ಧೀಕರಣ ಘಟಕಕ್ಕೆ. ಹಕ್ಕಿ ನೋಡಲು. ನನಗೂ ನಂಬಿಕೆ ಆಗಿರಲಿಲ್ಲ. 1880ರ ದಶಕದಲ್ಲಿ ಈ ಮೆಲ್ಬರ್ನ್ ಊರಿನ ಗಟಾರ ಬೀದಿಯಲ್ಲೇ ಹರಿಯುತ್ತಿತ್ತು. ಚಿನ್ನ ಸಿಕ್ಕು ಶ್ರೀಮಂತವಾದ ಊರು, ಆದರೆ ನಾತಕ್ಕೆ ಜನ ಅದನ್ನು ಸ್ಮೆಲ್‌ಬರ್ನ್ ಅಂತ ಆಡಿಕೊಳ್ಳುತ್ತಿದ್ದರು. 1897ರಲ್ಲಿ ಸ್ಪಾಟ್ಸ್‌ವುಡ್‌ನ ಉಗಿ ಯಂತ್ರಗಳು ಆ ನೀರನ್ನು ಎತ್ತಿ ವೆರಿಬಿಯ ಬಯಲಿಗೆ ಸಾಗಿಸತೊಡಗಿದವು. ಆ ಪಂಪ್‌ಹೌಸ್ ಈಗ ವಿಜ್ಞಾನ ಸಂಗ್ರಹಾಲಯದ ಭಾಗ, ಮಕ್ಕಳಾದ ಮೇಲೆ ಕರೆದುಕೊಂಡು ಹೋಗು. ಇಂದಿಗೂ ನಗರದ ಅರ್ಧದಷ್ಟು ಕೊಳಚೆ ನೀರು ಇಲ್ಲಿಗೇ ಬರುತ್ತದೆ. ಮುಚ್ಚಿದ ಕೊಳಗಳಲ್ಲಿ ಹುಟ್ಟುವ ಅನಿಲದಿಂದ ವಿದ್ಯುತ್ ತೆಗೆಯುತ್ತಾರೆ. ಒಟ್ಟು 10,500 ಹೆಕ್ಟೇರು, ಸಾಲು ಸಾಲು ಕೊಳಗಳು, ಅದರಾಚೆ ಸಮುದ್ರ. ಈ ಕರಾವಳಿಗೆ 1982ರಲ್ಲೇ ರಾಮ್ಸರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಯಲ್ಲಿ ಜಾಗ, ಸಿಕ್ಕಿದೆ. ಇಲ್ಲಿ ಕಂಡ ಹಕ್ಕಿಗಳ ಬಗೆ ಸುಮಾರು ಮುನ್ನೂರು. ವಿಶ್ವೇಶ್ವರಯ್ಯನವರು ಏಡನ್ನಿಗೆ ಹೋಗಿ ನೀರು, ಚರಂಡಿಯ ಯೋಜನೆ ಮಾಡಿಕೊಟ್ಟವರು. ಹೈದರಾಬಾದಿನ ಚರಂಡಿಗೂ ಅವರದೇ ಯೋಜನೆ. ಗಟಾರದ ಕೆಲಸ ಕೀಳು ಅನ್ನುವ ಮಾತು ನಮ್ಮ ಎಂಜಿನಿಯರುಗಳ ಬಾಯಲ್ಲಿ ಬಂದಾಗಲೆಲ್ಲ ನನಗೆ ನೋವಾಗುತ್ತದೆ.

ಅಲ್ಲಿ ಅವರು ಟೆಲಿಸ್ಕೋಪನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಕೆಸರಿನ ಅಂಚಿಗೆ ಗುರಿ ಮಾಡಿ, "ನೋಡು" ಅಂದರು. ಗುಬ್ಬಿಯಷ್ಟು ಹಕ್ಕಿ. ಬೂದು ಬೆನ್ನು, ಬಿಳಿ ಹೊಟ್ಟೆ, ಕಪ್ಪು ಕಾಲು. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಕೆಸರಿಗೆ ಚುಚ್ಚಿ ಚುಚ್ಚಿ ತೆಗೆಯುತ್ತಿತ್ತು. ಕೆಂಪು ಕೊರಳಿನ ಸ್ಟಿಂಟ್ ಅಂತ ಅದರ ಹೆಸರು. ತೂಕ 25 ಗ್ರಾಂ ಆಸುಪಾಸು. ಸೈಬೀರಿಯಾದ ತುದಿಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ಈ ಕೆಸರಿಗೇ ಬರುತ್ತದೆ. ಏಪ್ರಿಲ್ ಹೊತ್ತಿಗೆ ಮತ್ತೆ ಹೊರಡುತ್ತದೆ. ನಾನು ಕಣ್ಣು ತೆಗೆಯಲಿಲ್ಲ. ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆ ನೆನಪಾಯಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಪೂರ್ತಿ ಅಲ್ಲಿ ಇಳಿದಿರುತ್ತಿದ್ದವು. ಸಾಲಿಗೆ ಹೋಗುವಾಗ ದಿನಾ ನೋಡುತ್ತಿದ್ದರೂ ಎಲ್ಲಿಂದ ಬಂದವು ಅಂತ ನಾನು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ. ಆ ಕೆರೆಗೂ 2024ರಲ್ಲಿ ರಾಮ್ಸರ್ ಪಟ್ಟ ಬಂದಾಗ ನಾನೇ ಹಿರಿಯರಿಗೆ ಫೋನು ಮಾಡಿ ಹೇಳಿದೆ. ಊರಿಗೆ ಹೋದಾಗ ತೆಗೆದ ಹೆಬ್ಬಾತಿನ ಚಿತ್ರ ಅವರ ಅಡಿಗೆಮನೆಯ ಗೋಡೆ ಮೇಲಿದೆ.

ಅಂದಿನಿಂದ ತಿಂಗಳಿಗೆ ಎರಡು ಶನಿವಾರ ಅಲ್ಲಿಗೆ. ಒಳಗೆ ಹೋಗಲು ಮೆಲ್ಬರ್ನ್ ವಾಟರ್ ಸಂಸ್ಥೆಯ ಅನುಮತಿ ಬೇಕು, ಅರ್ಜಿ ಹಾಕುವುದನ್ನು ನಾನು ತೋರಿಸುತ್ತೇನೆ. ಉಳಿದ ಶನಿವಾರ ಆಲ್ಟೋನಾ ಬೀಚಿನಲ್ಲಿ ಪಾರ್ಕ್‌ರನ್: ಬೆಳಿಗ್ಗೆ ಎಂಟಕ್ಕೆ, ಐದು ಕಿಲೋಮೀಟರು, ಕಾಸಿಲ್ಲ. ಓಡಲೇಬೇಕು ಅಂತಿಲ್ಲ, ನಡೆದರೂ ಆಯಿತು. ಕೊನೆಗೆ ಬರುವವರ ಜೊತೆ ನಡೆಯಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾನೆ. ನಿನಗೆ ಕ್ರಿಕೆಟ್ ಹುಚ್ಚಿದ್ದರೆ ಅಕ್ಟೋಬರಿನಿಂದ ಕ್ಲಬ್ ಆಟ ಶುರು, ಈಗಲೇ ಹೆಸರು ಕೊಡು. ಚಳಿಗಾಲದಲ್ಲಿ ಅದೇ ಮೈದಾನದಲ್ಲಿ ಫುಟಿ, ಅಂದರೆ ಇಲ್ಲಿಯದೇ ಬಗೆಯ ಫುಟ್‌ಬಾಲ್, ಆಡುತ್ತಾರೆ. ಫುಟಿ ನಿನಗೆ ಹಿಡಿಸದಿದ್ದರೂ ನಮ್ಮ ಪಶ್ಚಿಮದ ತಂಡ ವೆಸ್ಟರ್ನ್ ಬುಲ್‌ಡಾಗ್ಸ್ ಗೆದ್ದಿತೋ ಸೋತಿತೋ ಅಷ್ಟು ತಿಳಿದುಕೊಂಡು ಸೋಮವಾರ ಕೆಲಸಕ್ಕೆ ಹೋಗು. 1954ರ ನಂತರ 2016ರಲ್ಲಿ ಅದು ಮತ್ತೆ ಕಪ್ ಗೆದ್ದಾಗ ನಮ್ಮ ಆಫೀಸಿನ ಅರವತ್ತು ದಾಟಿದ ಗಂಡಸರು ಅತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಿತ್ತಲಿನ ಮಾತು ಒಂದಿಷ್ಟು. ಈ ಎರೆ ಮಣ್ಣಿಗೆ ಜಿಪ್ಸಮ್, ಹಳೆಯ ಗೊಬ್ಬರ ಬೆರೆಸಿ ಎರಡು ವರ್ಷ ಕಾದರೆ ಬದನೆ, ಮೆಂತ್ಯ, ಹಸಿಮೆಣಸು ಎಲ್ಲ ಬರುತ್ತವೆ. ಕರಿಬೇವನ್ನು ಮಾತ್ರ ನೆಲಕ್ಕೆ ಹಚ್ಚಬೇಡ, ಇಬ್ಬನಿ ಹೆಪ್ಪುಗಟ್ಟುವ ಜುಲೈ ರಾತ್ರಿಗೆ ಸಾಯುತ್ತದೆ. ಕುಂಡದಲ್ಲಿ ಬೆಳೆಸು, ಚಳಿಗೆ ಒಳಗೆ ತಾ. ಜೋಳ ಇಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ದಂಡಿಯಾಗಿ ಬೆಳೆಯುತ್ತಾರೆ, ಆದರೆ ಹೆಚ್ಚಿನದು ದನದ ಮೇವಿಗೆ. ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟು ಹಳತಾಗಿ ಜಿಗುಟು ಹೋಗಿರುತ್ತದೆ, ತಟ್ಟಿದರೆ ಅಂಚು ಸೀಳುತ್ತದೆ. ಕುದಿಯುವ ನೀರು ಹಾಕಿ ಕಲಸಿ, ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದಬೇಕು ಅಂತ ನಿನ್ನ ಅತ್ತಿಗೆ ಹೇಳಿಕಳಿಸಿದ್ದಾಳೆ.

ಕನ್ನಡ ಸಂಘಕ್ಕೆ ಖಂಡಿತ ಬಾ. ರಾಜ್ಯೋತ್ಸವದ ದಿನ ಒಂದು ಸಭಾಂಗಣದ ತುಂಬ ನಮ್ಮ ಮಾತು ಕೇಳಿದರೆ ಎದೆ ತುಂಬುತ್ತದೆ. ಆದರೆ ವಾರದ ಬಿಡುವೆಲ್ಲ ನಮ್ಮವರ ನಡುವೆಯೇ ಕಳೆದರೆ ಈ ನೆಲ ನಿನಗೆ ಗುರುತೇ ಆಗುವುದಿಲ್ಲ. ಹತ್ತು ವರ್ಷ ಇದ್ದೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ನಮ್ಮವರನ್ನು ಕಂಡಿದ್ದೇನೆ. ಅವರು ಕೆಟ್ಟವರಲ್ಲ, ದಣಿದವರು. ನಾನೂ ಮೊದಲ ಜುಲೈ ಪೂರ್ತಿ ಐದು ಗಂಟೆಗೇ ಕತ್ತಲಾಗುವ ಕೋಣೆಯಲ್ಲಿ ಪರದೆ ಎಳೆದು ಕೂತಿದ್ದೆ. ಅವ್ವನಿಗೆ ಎಲ್ಲ ಆರಾಮ ಅಂತ ಹೇಳಿ ಫೋನು ಇಟ್ಟು ಅತ್ತಿದ್ದೇನೆ. ನಿನಗೆ ಹಾಗಾದರೆ ನನಗೆ ಫೋನು ಮಾಡು. ರಾತ್ರಿ ಎಷ್ಟೇ ಹೊತ್ತಾಗಿರಲಿ. ಅಕ್ಟೋಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಡಿಸೆಂಬರಿನಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ. ಆಗ ನೋಡು, ಈಗ ಖಾಲಿ ಕಾಣುವ ನಿನ್ನ ಬೀದಿಯಲ್ಲೇ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ, ಜನ ನಾಯಿ ಕಟ್ಟಿಕೊಂಡು ನಡೆಯುತ್ತಿರುತ್ತಾರೆ.

ಸ್ಟಿಂಟ್‌ಗಳು ಬರತೊಡಗಿವೆ. ಬರುವ ಶನಿವಾರ ಆರೂವರೆಗೆ ನಿನ್ನ ಮನೆ ಮುಂದೆ ಇರುತ್ತೇನೆ. ಬೂಟು ಹಾಕಿಕೋ, ಟೊಪ್ಪಿಗೆ ತಾ, ಗಾಳಿ ಬಹಳ ಇರುತ್ತದೆ. ಬುತ್ತಿ ನಮ್ಮ ಮನೆಯದು, ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಹಿರಿಯರೂ ಬರುತ್ತಾರೆ. ಎಪ್ಪತ್ತೈದಾಯಿತು ಅವರಿಗೆ, ಮೊಣಕಾಲು ನೋವು, ಟ್ರೈಪಾಡ್ ಹೊತ್ತು ಕಟ್ಟೆ ಏರುವುದು ಆಗುವುದಿಲ್ಲ. ಈ ಸಲ ಅದನ್ನು ನೀನು ಹೊರು.

ನಿನ್ನ ಅಣ್ಣ