ಪಾಮ್ ಸ್ಪ್ರಿಂಗ್ಸ್‌ನ ಗಾಜಿನ ಮನೆಗಳಲ್ಲಿ ಬೇಸಿಗೆ ಕಳೆಯೋಕಾಗುತ್ತಾ?

ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ 1950ರ ದಶಕದ ಮಿಡ್‌ಸೆಂಚುರಿ (ಕಳೆದ ಶತಮಾನದ ನಡುಭಾಗದ ಆಧುನಿಕ ಶೈಲಿಯ) ಮನೆ ಕೊಳ್ಳುವ ಯೋಚನೆಯಿದೆ, ಮರುಭೂಮಿಯಲ್ಲಿ ಇಷ್ಟೊಂದು ಗಾಜಿದ್ದರೆ ಬೇಯುವುದಿಲ್ಲವೇ ಎಂದು ಕೇಳಿದ್ದೀರಿ. ಬೇಯುತ್ತದೆ. ಏಸಿ ಕೂರಿಸುವ ಕೆಲಸದವನು ನಾನು, ಆ ಬೀದಿಗಳ ಎಷ್ಟೋ ಛಾವಣಿ ಹತ್ತಿಳಿದಿದ್ದೇನೆ.

ಇವನ್ನು ಕಟ್ಟಿದ್ದೇ ಚಳಿಗಾಲಕ್ಕೆ. ಲಾಸ್ ಏಂಜಲೀಸ್ ಕಡೆಯವರು ವಾರಾಂತ್ಯಕ್ಕೆ ಬಂದು, ಬಿಸಿಲೇರುತ್ತಿದ್ದಂತೆ ಬೀಗ ಜಡಿದು ಹೋಗುತ್ತಿದ್ದರು. ಜುಲೈನಲ್ಲಿ 42 ಡಿಗ್ರಿ ಇಲ್ಲಿ ಮಾಮೂಲು. 2024ರಲ್ಲಿ 51 ಮುಟ್ಟಿತ್ತು. ರಾಯಚೂರಿನವನಾದ ನನಗೇ ಸಾಕೋ ಸಾಕಾಯಿತು.

ಆದರೆ ಗಾಜಿಗಿಂತ ದೊಡ್ಡ ತಲೆನೋವು ಛಾವಣಿಯದು. ಭಾರವನ್ನೆಲ್ಲ ಕಂಬ, ತೊಲೆಗಳೇ ಹೊರುವುದರಿಂದ ಗೋಡೆಯ ಜಾಗದಲ್ಲಿ ಸೂರಿನವರೆಗೂ ಗಾಜು ಕೂರಿಸಿದರು. ಒಳಗಿನಿಂದ ಕಾಣುವ ಮರದ ಹಲಗೆಯೇ ಛಾವಣಿ. ಅಟ್ಟವಿಲ್ಲ, ಶಾಖ ತಡೆಯುವ ಪದರ ತುಂಬಲು ಸಂದಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ಏಸಿಯ ತಂಪು ಗಾಳಿ ಸಾಗಿಸುವ ಕೊಳವೆಯೂ (ಡಕ್ಟ್) ಛಾವಣಿ ಮೇಲೆ ಬಿಸಿಲಲ್ಲೇ ಬಿದ್ದಿರುತ್ತದೆ. ಮನೆ ನೋಡಲು ಬೇಸಿಗೆಯ ಸಂಜೆ ನಾಲ್ಕಕ್ಕೆ ಹೋಗಿ, ಸ್ಟೂಲ್ ಹತ್ತಿ ಆ ಹಲಗೆಗೆ ಅಂಗೈ ಒತ್ತಿ. ಮೇಲೆ ಶಾಖ ತಡೆಯುವ ಫೋಮ್ ಹೊದಿಸಿದ್ದಾರೋ ಇಲ್ಲವೋ, ಬ್ರೋಕರ್ ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ. ರೆಕ್ಕೆ ಎತ್ತಿದ ಬಟರ್‌ಫ್ಲೈ ಛಾವಣಿಯಾದರೆ ನಡುವಿನ ತಗ್ಗನ್ನೂ ನೋಡಿ. ಮಳೆ ಅಪರೂಪ, ಬಂದಾಗ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ.

ಇಲ್ಲಿ ಮನೆ ಕಟ್ಟಿ ಮಾರುತ್ತಿದ್ದ ಅಲೆಕ್ಸಾಂಡರ್ ಅಪ್ಪ-ಮಗನ ಕಂಪನಿಗೆ ಟ್ವಿನ್ ಪಾಮ್ಸ್ ಬಡಾವಣೆಯ ಮನೆಗಳನ್ನು ವಿನ್ಯಾಸ ಮಾಡಿಕೊಟ್ಟ ವಿಲಿಯಂ ಕ್ರಿಸೆಲ್ ಮಹಾ ಜಾಣ. ಹೆಚ್ಚುಕಡಿಮೆ 40 ಅಡಿ ಚೌಕದ ಒಂದೇ ಪ್ಲಾನನ್ನು ಸೈಟಿಗೊಂದು ದಿಕ್ಕಿಗೆ ತಿರುಗಿಸಿ, ಛಾವಣಿಯ ಆಕಾರ ಬದಲಿಸಿ, ಅಕ್ಕಪಕ್ಕದ ಮನೆಗಳು ಒಂದರಂತೆ ಒಂದು ಕಾಣದ ಹಾಗೆ ಮಾಡಿದ. ನಿಮ್ಮ ಕರೆಂಟ್ ಬಿಲ್ಲಿನ ಗುಟ್ಟೂ ಅದರಲ್ಲೇ ಇದೆ. ಒಳಗೆ ಒಂದೇ ಥರ ಇರುವ ಎರಡು ಮನೆಗಳಲ್ಲಿ ದೊಡ್ಡ ಗಾಜು ಪಶ್ಚಿಮಕ್ಕಿರುವುದು ಕುಲುಮೆ, ಉತ್ತರಕ್ಕಿರುವುದು ಪರವಾಗಿಲ್ಲ. ಪಶ್ಚಿಮಕ್ಕಿದ್ದರೂ ಬೆಟ್ಟದ ಬುಡದಲ್ಲಿದ್ದರೆ ನೆರಳು ಬೇಗ ಬೀಳುತ್ತದೆ, ಅಂಥದ್ದನ್ನು ನಾನು ತಳ್ಳಿಹಾಕುವುದಿಲ್ಲ.

ಬೆಲೆ ಅನುಮಾನ ಬರುವಷ್ಟು ಅಗ್ಗವಿದ್ದರೆ ನೆಲ ಯಾರದೆಂದು ಕೇಳಿ. ಈ ಊರಲ್ಲಿ ಚದುರಂಗದ ಮಣೆಯಂತೆ ಚೌಕ ಬಿಟ್ಟು ಚೌಕ ಭೂಮಿ ಅಗುವಾ ಕಾಲಿಯೆಂಟೆ ಎಂಬ ಮೂಲನಿವಾಸಿ ಬುಡಕಟ್ಟಿನವರದು. ಅಲ್ಲಿ ಎಷ್ಟೋ ಕಡೆ ಕಟ್ಟಡ ಮಾತ್ರ ನಿಮ್ಮದಾಗುತ್ತದೆ, ನೆಲಕ್ಕೆ ಬಾಡಿಗೆ ಕಟ್ಟುತ್ತಿರಬೇಕು. ಗುತ್ತಿಗೆಯಲ್ಲಿ ಉಳಿದ ವರ್ಷ ಕಮ್ಮಿಯಿದ್ದರೆ ಬ್ಯಾಂಕಿನವರು ಸಾಲಕ್ಕೆ ಹಿಂದೇಟು ಹಾಕುತ್ತಾರೆ.